ವ್ಯಾನಿಗೆ ಹೊಸ ಎಣ್ಣೆ ಹಾಕಿದ್ದು

ನಮ್ಮ ಬಚ್ಚಲುಮನೆಯ ಪಕ್ಕದಲ್ಲಿ ಎಂಜಿನ್ ಆಯಿಲಿನದೊಂದು ಖಾಲಿ ಡಬ್ಬ ಇದೆ. ಬಾಯಿ ಕತ್ತರಿಸಿ, ಬೂದಿ ಹಾಕಿ ಒಂದು ಸಲ, ಸೋಪಿನ ಪುಡಿ ಹಾಕಿ ಒಂದು ಸಲ ತಿಕ್ಕಿ ತೊಳೆದು, ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ. ಮೊಮ್ಮಗಳಿಗೆ ಶೀತವಾದರೆ ಎಲೆ ಬಾಡಿಸಿ ರಸ ಹಿಂಡಬೇಕಲ್ಲ, ಅದಕ್ಕೆ. ಅವಳು ಇನ್ನೂ ಒಂದು ಸೀನನ್ನೂ ಸೀನಿಲ್ಲ. ಗಿಡ ಮಾತ್ರ ಡಬ್ಬದಿಂದಾಚೆಗೆ ಚೆಲ್ಲಿಕೊಂಡು ಕಾಯುತ್ತಿದೆ. ಅಜ್ಜಿಯಾಗುವುದೆಂದರೆ ಇದೇ ಇರಬೇಕು, ಕಾಯಿಲೆ ಬರುವ ಮೊದಲೇ ಔಷಧಿ ಬೆಳೆದಿಟ್ಟುಕೊಳ್ಳುವುದು.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಅವಳ ಹೆಸರು ಗೌರಿ. ಕೆನ್ನೆ ಎಂದರೆ ಆಗತಾನೆ ಅಚ್ಚಿನಿಂದ ತೆಗೆದ ಬೆಲ್ಲ. ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರೆ ನನ್ನ ಅತ್ತೆಯನ್ನು ನೋಡಿದ ಹಾಗೇ ಆಗುತ್ತದೆ. ಅತ್ತೆ ನನ್ನನ್ನು ನೋಡಿ ಯಾವತ್ತೂ ಹಾಗೆ ನಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಮನೆಯಲ್ಲಿ ಹೆಣ್ಣುಮಗು ಹುಟ್ಟಿ ಯಾವ ಕಾಲವಾಗಿತ್ತೋ. ನನ್ನ ಗಂಡನಿಗೆ ಅಣ್ಣತಮ್ಮಂದಿರು, ಅವರಿಗೆಲ್ಲ ಗಂಡುಮಕ್ಕಳು, ನನಗೂ ಒಬ್ಬ ಗಂಡುಮಗ. ಮನೆ ತುಂಬ ಬರೀ ಮೀಸೆ. ಅಂಥ ಮನೆಗೆ ಇವಳು ಬಂದದ್ದು. ಬಂದದ್ದು ಎಂದು ಸುಲಭವಾಗಿ ಹೇಳಿಬಿಟ್ಟೆ. ಅವಳನ್ನು ಕರೆತರುವುದಕ್ಕೆ ಈ ಡಬ್ಬದ ಎಣ್ಣೆ ಪಟ್ಟ ಪಾಡು ಕೇಳಿದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೆ ಹೋಗುವಷ್ಟರಲ್ಲಿ ತಮ್ಮ ಹುಟ್ಟಿದ. ಅವನನ್ನು ಕೂರಿಸಿಕೊಳ್ಳಲು ಮನೆಗೆ ಒಂದು ಸೊಂಟ ಬೇಕಿತ್ತು, ನನ್ನದು ಸಿಕ್ಕಿತು. ಆದರೆ ಎಣ್ಣೆಯ ವಿಷಯದಲ್ಲಿ ನಾನು ದಡ್ಡಿಯಲ್ಲ. ನಮ್ಮಪ್ಪ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ ಗಾಡಿಯ ಚಕ್ರ ಮಾಡುವ ಬಡಗಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದ. ಅದನ್ನು ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿಯ ಅಡಿಗೆ ನೇತುಹಾಕಿದರೆ ಎತ್ತಿನ ಹೆಜ್ಜೆಗೆ ತಕ್ಕಂತೆ ಅದು ತೂಗಾಡುತ್ತಿತ್ತು. ನಾವು ಮಕ್ಕಳು ಕದ್ದು ಬೆರಳದ್ದಿ ಒಬ್ಬರಿಗೊಬ್ಬರು ಮೀಸೆ ಬರೆಯುತ್ತಿದ್ದೆವು. ಆ ಮೀಸೆ ಸೀಗೆಪುಡಿಗೂ ಹೋಗುತ್ತಿರಲಿಲ್ಲ, ಅವ್ವನ ಏಟಿಗೂ ಹೋಗುತ್ತಿರಲಿಲ್ಲ. ದೂರದಲ್ಲಿ ಗಾಡಿಯೊಂದು ಕಿರ್ರೋ ಎಂದು ಬರುತ್ತಿದ್ದರೆ ಅಪ್ಪ ಉಳಿ ಕೆಳಗಿಟ್ಟು, "ಕೇಳು, ಗಾಡಿ ಬಯ್ತಾ ಅದೆ ಯಜಮಾನ್ನ" ಎನ್ನುತ್ತಿದ್ದ. ಬರುತ್ತಿದ್ದವನ ಹಣೆಯಲ್ಲಿ ಮೂರು ಬೆರಳು ವಿಭೂತಿ, ಎತ್ತಿನ ಕೊಂಬಿಗೆ ಹಿತ್ತಾಳೆ ಅಣಸು, ಕೀಲಿಗೆ ಮಾತ್ರ ಒಂದು ತೊಟ್ಟು ಎಣ್ಣೆಯಿಲ್ಲ.

ಈಗಲೂ ಏನು ಬದಲಾಗಿದೆ ಹೇಳಿ. ನಮ್ಮ ಶ್ರೀರಂಗಪಟ್ಟಣದ ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ನೋಡಿ. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ತಾಯಿಯ ಆಶೀರ್ವಾದ, ಅದರ ಕೆಳಗೆ ಹುಲಿಯ ಮುಖ. ಕಿವಿ ಹರಿಯುವ ಹಾರನ್ನು. ಎಂಜಿನ್ನಿನ ಎಣ್ಣೆ ಯಾವಾಗ ಬದಲಾಯಿಸಿದೆಯಪ್ಪಾ ಎಂದು ಕೇಳಿದರೆ ಆಕಾಶ ನೋಡುತ್ತಾನೆ, ಅಲ್ಲಿ ಬರೆದಿಟ್ಟ ಹಾಗೆ.

ನನ್ನ ಗಂಡ ಆಕಾಶವನ್ನೂ ನೋಡುವವರಲ್ಲ. ಅವರೂ ಬಡಗಿಯೇ, ಬಾಗಿಲು ಕಿಟಕಿ ಮಾಡುತ್ತಾರೆ. ಮಗ ರವಿ ಅವನ್ನು ಹಳೆಯ ವ್ಯಾನಿನಲ್ಲಿ ಸಾಗಿಸಿ ಮನೆಗಳಿಗೆ ಕೂರಿಸಿ ಬರುತ್ತಾನೆ. ಆ ವ್ಯಾನಿನ ಎಣ್ಣೆಯ ಬಗ್ಗೆ ನಮ್ಮ ಯಜಮಾನರಿಗೆ ಒಂದು ಸಿದ್ಧಾಂತವಿತ್ತು. ಎಣ್ಣೆಯನ್ನು ತುಂಬಬೇಕು, ಚೆಲ್ಲಬಾರದು. ಮನೆಯಲ್ಲಿ ಯಾವ ಪಾತ್ರೆಯನ್ನೂ ನಾವು ಪೂರ್ತಿ ಬರಿದು ಮಾಡುವವರಲ್ಲ. ಅಕ್ಕಿಯ ಡಬ್ಬದ ತಳದಲ್ಲಿ ಒಂದು ಹಿಡಿ ಇರುವಾಗಲೇ ಹೊಸ ಅಕ್ಕಿ ಬೀಳಬೇಕು. ಉಪ್ಪಿನ ಜಾಡಿ, ಎಣ್ಣೆಯ ಕುಡಿಕೆ, ಮೊಸರಿನ ಗಡಿಗೆ ಎಲ್ಲಕ್ಕೂ ಅದೇ ನಿಯಮ. ಬರಿದಾದರೆ ಬರಿದಾಗಿಯೇ ಉಳಿಯುತ್ತದೆ ಎನ್ನುವ ಭಯ. ಒಳ್ಳೆಯ ಪದ್ಧತಿ, ನಾನೂ ಪಾಲಿಸುತ್ತೇನೆ. ಆದರೆ ನಾನು ಅದನ್ನು ಅಡುಗೆಮನೆಯಲ್ಲೇ ನಿಲ್ಲಿಸಿದೆ, ಅವರು ಎಂಜಿನ್ನಿನ ತನಕ ತೆಗೆದುಕೊಂಡು ಹೋದರು. ವ್ಯಾನು ಕೊಂಡಾಗಿನಿಂದ ಕಡಿಮೆಯಾದಷ್ಟು ಎಣ್ಣೆ ಸುರಿದರೇ ಹೊರತು ಹಳೆಯದನ್ನು ಒಮ್ಮೆಯೂ ತೆಗೆಸಲಿಲ್ಲ.

"ಹಳೇದು ಒಳಗಿದ್ರೆ ಹೊಸದಕ್ಕೆ ಬುದ್ಧಿ ಹೇಳ್ಕೊಡ್ತದೆ ಕಣಮ್ಮಿ" ಎನ್ನುತ್ತಿದ್ದರು.

ನಮ್ಮತ್ತೆ ಬದುಕಿದ್ದಷ್ಟು ಕಾಲ ಈ ಮನೆಯ ಹೊಸದಕ್ಕೆ ಹೇಳಿಕೊಟ್ಟ ಬುದ್ಧಿ ನನಗೆ ನೆನಪಿದೆ.

ಹೀಗಿರುವಾಗ ಸೊಸೆ ಚೈತ್ರ ಹೆರಿಗೆಗೆ ತವರು ನಾಗಮಂಗಲಕ್ಕೆ ಹೋದಳು. ಗೌರಿ ಅಲ್ಲೇ ಹುಟ್ಟಿದಳು. ಐದನೇ ತಿಂಗಳಿಗೆ ನಾವು ಹೋಗಿ ತಾಯಿ ಮಗುವನ್ನು ಕರೆತರಬೇಕು. ಆ ಐದು ತಿಂಗಳು ನಾನು ಒಂದೇ ಒಂದು ಚಿತ್ರ ಕಣ್ಣಲ್ಲಿಟ್ಟುಕೊಂಡಿದ್ದೆ: ನಮ್ಮ ವ್ಯಾನಿನ ಮುಂದಿನ ಸೀಟು, ನನ್ನ ಮಡಿಲು, ಮಡಿಲಲ್ಲಿ ಗೌರಿ, ಕರಿಘಟ್ಟ ಕಾಣುತ್ತಿದ್ದ ಹಾಗೆ "ಅಗೋ ನೋಡು ನಮ್ಮ ಬೆಟ್ಟ" ಎಂದು ತೋರಿಸುವುದು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಈ ವಯಸ್ಸಿನಲ್ಲಿ ನಾನು ದೇವರನ್ನು ಏನೂ ಕೇಳಿರಲಿಲ್ಲ, ಮಂಡಿನೋವಿನದೊಂದು ಬಿಟ್ಟು.

ಆ ಚಿತ್ರಕ್ಕೆ ಅಡ್ಡ ಬಂದವರು ನಾಗಮಂಗಲದ ಬೀಗರು. ಸೊಸೆಯ ತಂದೆ. ಚಿನ್ನದ ಕೆಲಸದವರು. ಮರದ ಕೆಲಸದವರಿಗೆ ಹೆಣ್ಣು ಕೊಟ್ಟಿದ್ದೇವಲ್ಲ ಎನ್ನುವ ದುಃಖವನ್ನು ಮದುವೆಯ ದಿನದಿಂದ ನಗುನಗುತ್ತಾ ಸಹಿಸಿಕೊಂಡು ಬಂದವರು. ಅವರ ಬಳಿ ಬಿಳಿ ಕಾರಿದೆ. ಕಾರಿನ ಸೀಟಿನ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಕುಳಿತವರು ಬೆವರಿ ಅಂಟಿಕೊಂಡು ಇಳಿಯುವಾಗ ಪರಪರ ಎನ್ನುತ್ತದೆ. ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಫೋನು ಮಾಡಿದರು. ನಮ್ಮ ಯಜಮಾನರಿಗೆ ಕಿವಿ ಮಂದ, ಫೋನಿನ ಮಾತೆಲ್ಲ ಬೀದಿಗೇ ಕೇಳುವಂತೆ ಇಟ್ಟುಕೊಂಡಿರುತ್ತಾರೆ.

"ಬೀಗ್ರೇ, ನಿಮ್ ವ್ಯಾನ್ಗೆ ಯಾವ್ ಆಯಿಲ್ ಆಕ್ತೀರಿ?"

"ಎಣ್ಣೆ ಕಣ್ರೀ. ಎಂಜಿನ್ ಎಣ್ಣೆ."

"ಅದ್ರಲ್ಲಿ ಯಾವ್ದು ಅಂತ. ನಾವು ಬುಡಿ, ಸಿಂಥೆಟಿಕ್ ಬುಟ್ಟು ಬೇರೆ ಮುಟ್ಟಕಿಲ್ಲ. ಅಲ್ಲಾ, ಮರ ಸಾಗ್ಸೋ ಗಾಡೀಲಿ ಎಳೇಕೂಸ್ನ ಕಳ್ಸೋದು ಅಂದ್ರೆ ಎಂಗೆ? ದಾರೀಲಿ ನಿಂತ್ಬುಟ್ರೆ? ನಾವೇ ಕಾರಲ್ಲಿ ಕರ್ಕೊಂಡ್ ಬಂದ್ಬುಡ್ತೀವಿ. ನಮ್ಮನೆಯವ್ಳು ಮಡ್ಲಲ್ಲಿ ಆಕ್ಕೊಂಡು ಕೂತ್ಕತಾಳೆ. ಬೀಗಿತ್ತೀರು ಆರತಿ ತಟ್ಟೆ ಇಡ್ಕೊಂಡು ಬಾಗ್ಲಲ್ಲಿ ನಿಂತಿರ್ಲಿ, ಸಾಕು."

ನಾನು ಹುರುಳಿ ಆರಿಸುತ್ತಿದ್ದೆ. ಕಲ್ಲು ಯಾವುದು ಕಾಳು ಯಾವುದು ಕಾಣದ ಹಾಗಾಯಿತು. ಐದು ತಿಂಗಳ ಚಿತ್ರದಲ್ಲಿ ಸೀಟೂ ಅವರದು, ಮಡಿಲೂ ಅವರದು, ನನಗೆ ತಟ್ಟೆ. ಫೋನು ಕಿತ್ತುಕೊಂಡು ಹೇಳಿದೆ.

"ಬೀಗ್ರೇ, ಕರ್ಕೊಂಡ್ ಬರೋದು ನಮ್ ಶಾಸ್ತ್ರ. ಭಾನುವಾರ ಬತ್ತೀವಿ. ವ್ಯಾನಲ್ಲೇ ಬತ್ತೀವಿ."

"ಬನ್ನಿ ಬನ್ನಿ. ನಾನೇ ಎಂಜಿನ್ ಕಡ್ಡಿ ತೆಗ್ದು ಆಯಿಲ್ ನೋಡ್ತೀನಿ. ಸರೀಗಿದ್ರೆ ಸಂತೋಸವಾಗಿ ಕಳ್ಸ್ಕೊಡ್ತೀನಿ" ಎಂದರು, ಒಡವೆ ಅಡವಿಡಲು ಬಂದವರೊಡನೆ ಮಾತಾಡುವ ದನಿಯಲ್ಲಿ.

ಆವತ್ತೇ ಸಂಜೆ ನಾನು ರವಿಯನ್ನು ಹೊರಡಿಸಿಕೊಂಡು ವ್ಯಾನನ್ನು ಕರಿಘಟ್ಟ ಹತ್ತಿಸಿ ನೋಡಿದೆ. ಅರ್ಧ ಬೆಟ್ಟಕ್ಕೆ ವ್ಯಾನಿನೊಳಗೆ ಯಾರೋ ಹುರುಳಿ ಹುರಿಯುತ್ತಿರುವ ಸದ್ದು. ಹಿಂದೆ ತಿರುಗಿದರೆ ಹೊಗೆಯಲ್ಲಿ ಲೋಕಪಾವನಿಯೂ ಕಾಣದು, ಕಾವೇರಿಯೂ ಕಾಣದು. ಬೆಟ್ಟದ ಮೇಲಿನ ದೇವರಿಗೆ ಕೆಳಗಿನಿಂದಲೇ ಕೈ ಮುಗಿದು ಇಳಿಸಿಕೊಂಡು ಬಂದೆವು.

"ಎಣ್ಣೆ ತೆಗ್ಸ್ಬೇಕು ಕಣಪ್ಪಾ" ಎಂದ ರವಿ.

ಅವರಪ್ಪ ಟೀ ಅಂಗಡಿಗೆ ಹೋದರು, ವಿಚಾರಿಸಿಕೊಂಡು ಬರುತ್ತೇನೆಂದು. ಎಣ್ಣೆ ಕೊಳ್ಳಲು ಎಣ್ಣೆಯಂಗಡಿಗೆ ಹೋಗುವುದು ಹೆಂಗಸರ ಪದ್ಧತಿ. ಗಂಡಸರು ಮೊದಲು ಟೀ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಒಬ್ಬ ಮಂದ ಎಣ್ಣೆಯೇ ಸರಿ ಎಂದನಂತೆ, ಇನ್ನೊಬ್ಬ ತೆಳು ಎಣ್ಣೆ ಎಂದನಂತೆ. ಒಬ್ಬ ಟ್ರಾಕ್ಟರಿನದನ್ನೇ ಸುರಿದುಬಿಡಿ, ಅದಕ್ಕೆ ಶಕ್ತಿ ಜಾಸ್ತಿ ಎಂದನಂತೆ. ಯಾವತ್ತೂ ಗಾಡಿಯೇ ಇಟ್ಟಿಲ್ಲದ ಮೇಷ್ಟ್ರೊಬ್ಬರು ಇವರು ಒಯ್ದಿದ್ದ ವ್ಯಾನಿನ ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಮೂಸಿ, ಕಣ್ಣು ಮುಚ್ಚಿ, "ಇನ್ನೂ ಜೀವ ಇದೆ" ಎಂದರಂತೆ. ನಾಡಿ ಹಿಡಿದವರ ಹಾಗೆ. ನಾನು ಮಗುವಿನ ನೆತ್ತಿಗೆ ಹಾಕುವ ಹರಳೆಣ್ಣೆಯನ್ನು ಮೂಸಿಯೇ ತರುತ್ತೇನೆ, ಒಪ್ಪುತ್ತೇನೆ. ಆದರೆ ಮೂಸಿದ ಮೇಲೆ ಒಂದು ತೀರ್ಮಾನಕ್ಕೆ ಬರುತ್ತೇನೆ.

ಕೊನೆಗೆ ಮೆಕ್ಯಾನಿಕ್ ನಯಾಜನನ್ನೇ ಕೇಳಿದರು. ಅವನು ಪಾನ್ ಪರಾಗಿನ ಬಾಯಿಯನ್ನು ಮೇಲೆತ್ತಿಕೊಂಡೇ ಹೇಳಿದ.

"ಅರೆ, ಗಾಡಿ ಮಾಡ್ದೋರು ಪುಸ್ತಕದಲ್ಲಿ ಬರ್ದವ್ರೆ ಯಜಮಾನ್ರೇ, ಈ ನಂಬರಿಂದು ಆಕಿ ಅಂತ. ಯಾರೂ ಕೇಳಲ್ಲ. ನಮ್ ಬಾಮೈದ ಆಕೋದೇ ಆಕು ಅಂತಾರೆ. ಬಾಮೈದಂದು ಬುಲೆಟ್ಟು, ಇವ್ರದು ಲಗೇಜ್ ಆಟೋ."

"ಎಷ್ಟ್ ದಿನಕ್ಕೊಂದ್ಸಲ ತೆಗೀಬೇಕು?"

"ಇಷ್ಟು ಕಿಲೋಮೀಟ್ರು ಅಂತ ಅದೆ. ಓಡ್ಲಿಲ್ವಾ, ಆದ್ರೂ ವರ್ಸಕ್ಕೊಂದ್ಸಲ. ನಿಮ್ದು ಯಾವಾಗ ತೆಗ್ಸಿದ್ದು?"

ನಮ್ಮ ಯಜಮಾನರು ಕಡೆಗೂ ಆಕಾಶ ನೋಡಿದರು.

ಇನ್ನು ದಿನ ಗೊತ್ತುಮಾಡುವ ಕೆಲಸ. ಮಂಗಳವಾರ ಮನೆಯಿಂದ ಏನನ್ನೂ ಹೊರಗೆ ಹಾಕಬಾರದು. ಬುಧವಾರ ಅಮಾವಾಸ್ಯೆ, ಗಾಡಿ ಮುಟ್ಟಬಾರದು. ಗುರುವಾರ ಒಳ್ಳೆಯ ದಿನವೆಂದು ನಯಾಜ ಹೇಳಿದ ನಂಬರಿನ ಡಬ್ಬ ಕೊಂಡು ತಂದರು. ಒಳ್ಳೆಯ ದಿನ ಕೊಳ್ಳುವುದರಲ್ಲೇ ಮುಗಿದುಹೋಯಿತು. ಶುಕ್ರವಾರ ಲಕ್ಷ್ಮಿ, ಎಣ್ಣೆ ಹೊರಗೆ ಬಿಡುವ ಮಾತೇ ಇಲ್ಲ. ಉಳಿದದ್ದು ಶನಿವಾರ. ಶನಿವಾರ ಎಣ್ಣೆ ಕೊಳ್ಳಬಾರದು ನಿಜ, ಆದರೆ ಇರುವ ಎಣ್ಣೆಯನ್ನು ಹಾಕಬಹುದು ಎಂದು ಅವರೇ ಒಂದು ಕಲಂ ಹುಡುಕಿದರು. ನಮ್ಮ ವ್ಯಾನಿನ ಎಣ್ಣೆ ಇಷ್ಟು ವರ್ಷ ಯಾಕೆ ಬದಲಾಗಲಿಲ್ಲ ಎಂದು ನನಗೆ ಆವಾಗ ಪೂರ್ತಿ ಅರ್ಥವಾಯಿತು. ನಮ್ಮ ವಾರದಲ್ಲಿ ಅದಕ್ಕೆ ದಿನವೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ನಯಾಜನ ಶೆಡ್ಡಿಗೆ ನಾನೂ ಹೋದೆ. ಇವರನ್ನು ಒಬ್ಬರನ್ನೇ ಬಿಟ್ಟರೆ ಇನ್ನೊಂದು ಕಲಂ ಹುಡುಕಿಬಿಟ್ಟಾರು ಎಂದು. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಎಣ್ಣೆ ಹಾಕುವುದು, ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡುವುದು ಎಲ್ಲ ಸೀಟನ್ನು ಎತ್ತಿಯೇ. ಹಳೆಯದನ್ನು ಬಿಡುವ ಬೋಲ್ಟು ಮಾತ್ರ ಕೆಳಗಡೆ. ನಯಾಜ ವ್ಯಾನಿನ ಅಡಿಗೆ ತೂರಿದ, ಬಾಣಲೆ ಇಟ್ಟ, ಬೋಲ್ಟು ಬಿಚ್ಚಿದ. ಇಳಿದದ್ದನ್ನು ಎಣ್ಣೆ ಎನ್ನಲು ನನಗೆ ಬಾಯಿ ಬಾರದು. ಆಲೆಮನೆಯ ಕೊಪ್ಪರಿಗೆಯಲ್ಲಿ ತಳ ಹಿಡಿದು ಸುಟ್ಟ ಪಾಕದ ಹಾಗೆ, ಅಷ್ಟಷ್ಟೇ, ಬೇಕೋ ಬೇಡವೋ ಎಂದು ಇಳಿಯಿತು.

ಯಜಮಾನರು ಸೀಟಿನ ಬಳಿ ಹೊಸ ಡಬ್ಬ ಹಿಡಿದು ನಿಂತಿದ್ದರು. ಮುಖ ನೋಡಿದರೆ ಮನೆಯಿಂದ ಯಾರನ್ನೋ ಕಳಿಸುತ್ತಿರುವ ಹಾಗಿತ್ತು.

"ನಯಾಜು, ಒಂಚೂರು ಉಳಿಸ್ಲಾ."

"ಉಳ್ಸಕ್ಕೆ ಇದೇನು ಮೊಸ್ರಾ ಯಜಮಾನ್ರೇ? ಪೂರಾ ಖಾಲಿ ಆಗ್ಬೇಕು. ಕೊನೇ ತೊಟ್ಟು ಬೀಳ್ಲಿ."

ಕೊನೆಯ ತೊಟ್ಟು ಎಂಬ ಮಾತು ಕೇಳಿದ್ದೇ ತಡ, ನಮ್ಮವರ ಕೈ ತಾನಾಗಿ ಡಬ್ಬದ ಮುಚ್ಚಳ ತಿರುವಿತು. ಪಾತ್ರೆ ಒಂದು ಗಳಿಗೆಯೂ ಬರಿದಾಗಬಾರದಲ್ಲ. ಕೆಳಗೆ ಬೋಲ್ಟು ಬಿಚ್ಚಿಕೊಂಡೇ ಇದೆ, ಮೇಲಿನಿಂದ ಇವರು ಗಳಗಳ ಸುರಿಯುತ್ತಿದ್ದಾರೆ. ನಾನು ಹರಿವಾಣದ ಹಾಗಿದ್ದ ಆ ಬಾಣಲೆಯನ್ನೇ ನೋಡುತ್ತಿದ್ದೆ. ಕಪ್ಪು ನಿಂತು ಜೇನಿನ ಬಣ್ಣದ ದಾರವೊಂದು ಇಳಿಯತೊಡಗಿತು. ಎಷ್ಟು ಚೆಂದವೆಂದರೆ, ಹಾಗೆಯೇ ನೋಡುತ್ತ ಕೂತುಬಿಟ್ಟೆ.

ವ್ಯಾನಿನ ಅಡಿಯಿಂದ ದನಿ ಬಂತು. "ಅಮ್ಮಾ, ಎಣ್ಣೆ ಬಣ್ಣ ತಿರುಗ್ತಾ ಅದೆ. ಮೇಲೆ ಏನ್ ಮಾಡ್ತಾವ್ರೆ?"

"ಸುರೀತಾವ್ರೆ ಕಣಪ್ಪಾ."

"ಯಾ ಅಲ್ಲಾ, ಬೋಲ್ಟು ನನ್ ಕೈಯಲ್ಲದೆ."

ನಿಲ್ಲಿಸುವ ಹೊತ್ತಿಗೆ ಡಬ್ಬದಲ್ಲಿ ಅರ್ಧಕ್ಕೂ ಕಡಿಮೆ ಉಳಿದಿತ್ತು. ಸುರಿದದ್ದು ಬಾಣಲೆಯಲ್ಲಿ ಹಳೆಯದರ ಜೊತೆ ಸಂಸಾರ ಹೂಡಿತ್ತು. ನಯಾಜ ಮೈಯೆಲ್ಲ ಎಣ್ಣೆಯಾಗಿ ಹೊರಬಂದು, ನಮ್ಮವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಾಡಿಗೆ ಸ್ನಾನ ಮಾಡಿಸ್ಬುಟ್ರಿ" ಎಂದ. ಬೋಲ್ಟು ಬಿಗಿದ. ಡಬ್ಬದಲ್ಲಿ ಉಳಿದದ್ದನ್ನು ಹಾಕಿ ಕಡ್ಡಿ ಎಳೆದರೆ ತುದಿಯಷ್ಟೇ ಒದ್ದೆ.

"ಇದ್ರಲ್ಲಿ ಸ್ಟಾರ್ಟ್ ಮಾಡ್ಬೇಡಿ. ಇನ್ನೊಂದ್ ಡಬ್ಬ ತನ್ನಿ, ಎದ್ರುಗಡೇನೇ ಅಂಗ್ಡಿ."

"ಶನಿವಾರ" ಎಂದರು ನಮ್ಮವರು, ಗೋಡೆಗೆ ಹೇಳಿದ ಹಾಗೆ. "ಶನಿವಾರ ಎಣ್ಣೆ ಕೊಂಡ್ರೆ ಶನಿ ಎಗ್ಲೇರಿ ಮನೇಗ್ ಬತ್ತಾನೆ. ನಾಳೆ ಬೆಳಿಗ್ಗೆ ತರವ."

ನಾಳೆ ಭಾನುವಾರ. ಎದುರಿನ ಅಂಗಡಿ ಭಾನುವಾರ ಬಾಗಿಲು ತೆಗೆಯುವುದಿಲ್ಲ. ನಾನು ಬಾಣಲೆಯ ಮುಂದೆ ಕುಳಿತಲ್ಲೇ ಎಲ್ಲವನ್ನೂ ನೋಡಿಬಿಟ್ಟೆ: ಬಿಳಿ ಕಾರು ನಮ್ಮ ಬೀದಿಗೆ ಬಂದು ನಿಲ್ಲುವುದು, ಪ್ಲಾಸ್ಟಿಕ್ಕು ಪರಪರ ಎನ್ನುವುದು, ಬೀಗಿತ್ತಿ ಗೌರಿಯನ್ನು ಎದೆಗವಚಿಕೊಂಡು ಇಳಿಯುವುದು, ನಾನು ಕುಂಕುಮದ ನೀರಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ. ಎದ್ದೆ. ಮಂಡಿ ನೋವಿದೆ ಎಂಬುದನ್ನೂ ಮರೆತು ಎದ್ದೆ.

"ಬರ್ಲಿ ಬುಡಿ. ನಾಳೆ ನನ್ ಮಡ್ಲಲ್ಲಿ ಮೊಮ್ಮಗ್ಳು ಕೂತಿದ್ರೆ ನಿಮ್ ಶನಿಗೆ ಕೂರಕ್ಕೆ ಜಾಗ ಎಲ್ಲದೆ?"

ರಸ್ತೆ ದಾಟಿದೆ. ಅಂಗಡಿಯವನು ರೇಸಿನ ಕಾರಿನ ಚಿತ್ರವಿದ್ದ ಡಬ್ಬವೊಂದನ್ನು ಮುಂದಿಟ್ಟು, ಇದನ್ನೇ ತಗೊಳ್ಳಿ, ಗಾಡಿ ಹಾರುತ್ತದೆ ಎಂದ. "ನಮ್ ಗಾಡಿ ಬಾಗ್ಲು ಒರ್ತದೆ ಕಣಪ್ಪಾ. ಆರಿದ್ರೆ ಬಾಗ್ಲು ಬಿದ್ದೋಯ್ತವೆ" ಎಂದು ಕೈಯಲ್ಲಿದ್ದ ಖಾಲಿ ಡಬ್ಬ ತೋರಿಸಿ ಅದರದ್ದೇ ಜೋಡಿ ತಂದೆ. ಶೆಡ್ಡಿನಲ್ಲಿ ಕೊಡಹೋದರೆ ನಮ್ಮವರು ಕೈ ಹಿಂದೆ ಕಟ್ಟಿಕೊಂಡರು. ಎಣ್ಣೆಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ, ನೆಲಕ್ಕಿಡು ಎಂದರು. ನೆಲಕ್ಕಿಟ್ಟೆ. ಆಗಬೇಕಾದ ಜಗಳವೆಲ್ಲ ಆಗಿಹೋಗಿದೆ ಎಂಬುದನ್ನು ಅವರಿಗೆ ಮನೆಗೆ ಹೋಗುವ ದಾರಿಯಲ್ಲಿ ವಿವರಿಸಿದೆ.

ಭಾನುವಾರ ವ್ಯಾನು ಪಾಂಡವಪುರ ದಾಟಿ ಏರುದಾರಿ ಹಿಡಿದರೂ ಹುರುಳಿ ಹುರಿಯಲಿಲ್ಲ. ಹಳೆಯ ಮುದುಕನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ ಸ್ವಲ್ಪ ಬಿಗುಮಾನದಿಂದಲೇ ಓಡಿತು. ನಾಗಮಂಗಲದಲ್ಲಿ ಹೋಳಿಗೆ ಊಟ. ಊಟವಾದ ಮೇಲೆ ಬೀಗರು ಕೈಯೊರೆಸಿಕೊಂಡು, "ಎಲ್ಲಿ, ಕಡ್ಡಿ" ಎಂದರು. ಸೀಟೆತ್ತಿಸಿದರು. ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದು, ಬೆಳಕಿಗೆ ಹಿಡಿದು ಒರೆಗಲ್ಲಿನ ಗೀರು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಹಳದಿ ಬಣ್ಣ ಹೊಳೆಯಿತು.

"ಪರ್ವಾಗಿಲ್ಲ" ಎಂದರು. "ಸಿಂಥೆಟಿಕ್ ಅಲ್ಲ. ಆದ್ರೂ ಪರ್ವಾಗಿಲ್ಲ." ಬೇರೆಯವರು ಮಾಡಿದ ಒಡವೆಯನ್ನು ಅವರು ಹೊಗಳುವುದೂ ಇಷ್ಟೇ.

ಗೆದ್ದೆ. ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತೆ. ಚೈತ್ರ ಹಿಂದೆ ಗಂಟುಮೂಟೆಗಳ ನಡುವೆ. ಬೀಗಿತ್ತಿ ಗೌರಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. ಆ ಭಾರ ಇದೆಯಲ್ಲ, ಅದನ್ನು ನಾನು ಹೇಳಲಾರೆ, ಹೇಳುವಷ್ಟು ಓದಿಲ್ಲ. ಬಿಸಿಬಿಸಿಯಾದ, ಹರಳೆಣ್ಣೆಯ ವಾಸನೆಯ ಒಂದು ಹಿಡಿ ಜೀವ ನನ್ನ ಬಳೆ ಹಿಡಿದು ಎಳೆಯಿತು. ಬೀಗಿತ್ತಿ ಒಳಗೆ ಹೋದರು.

ಮನೆಯ ಬಾಗಿಲು ತೆರೆದೇ ಇತ್ತು, ಸೀಟಿನಿಂದಲೇ ಒಳಗೆಲ್ಲ ಕಾಣುತ್ತಿತ್ತು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಬೀಗಿತ್ತಿ ಅಡುಗೆಮನೆಯಿಂದ ಗುಂಡುಕಲ್ಲು ತಂದರು. ಮಗು ಹೊದ್ದ ಹಳೆಯ ಬಟ್ಟೆಯೊಂದರಲ್ಲಿ ಅದನ್ನು ಸುತ್ತಿ ತೊಟ್ಟಿಲಿಗೆ ಹಾಕಿದರು. ಮಗುವನ್ನು ಎತ್ತಿಕೊಂಡ ಮೇಲೆ ತೊಟ್ಟಿಲು ಬರಿದಾಗಿರಬಾರದಲ್ಲ. ಹಾಕಿ, ಅಭ್ಯಾಸಬಲದಿಂದ ಒಂದು ಸಲ ತೂಗಿ, ಕೈ ಹಿಂದಕ್ಕೆಳೆದುಕೊಂಡರು. ಬೀಗರು ಹೊಸ್ತಿಲ ಬಳಿ ಕಾರಿನ ಬೀಗದಕೈ ಹಿಡಿದು, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು.

ನಮ್ಮ ಯಜಮಾನರೂ ಅದನ್ನು ನೋಡಿದರು. ಬರಿದಾದ ಪಾತ್ರೆ ನೋಡಲಾರದ ಮನುಷ್ಯ. ಹತ್ತುತ್ತಿದ್ದವರು ಇಳಿದರು.

"ಬೀಗ್ರೇ, ದೂರದ್ ದಾರಿ. ಇನ್ನೊಂದ್ಸಲ ಆ ಕಡ್ಡಿ ನೋಡ್ಬುಡ್ರಿ. ನಿಮ್ ಕಣ್ಣು ಸೂಕ್ಷ್ಮ."

"ಈಗ್ ನೋಡಿದ್ವಲ್ಲ" ಎಂದೆ ನಾನು.

"ಏಳಮ್ಮಿ. ಸೀಟ್ ಎತ್ಬೇಕು."

ಸೀಟು ಎತ್ತಬೇಕಾದರೆ ನಾನು ಏಳಬೇಕು. ನಾನು ಇಳಿಯಬೇಕಾದರೆ ಮಗುವನ್ನು ಯಾರಿಗಾದರೂ ಕೊಡಬೇಕು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯನಿಗೆ ಇಷ್ಟು ಉಪಾಯ ಗೊತ್ತಿದೆ ಎಂದು ನನಗೆ ಆವತ್ತು ತಿಳಿಯಿತು. ಬೀಗಿತ್ತಿ ಆಗಲೇ ಮೆಟ್ಟಿಲಿಳಿದು ಬಂದಿದ್ದರು. ಕೈ ಚಾಚಿರಲಿಲ್ಲ, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಕೊಟ್ಟೆ. ಬೀಗರು ಕಡ್ಡಿ ಎಳೆದರು, ಒರೆಸಿದರು, ಹಾಕಿದರು, ಎಳೆದರು, ಮತ್ತೆ ಒರೆಸಿದರು. ನಾನು ಅವಸರ ಮಾಡಲಿಲ್ಲ.

ಈಗ ಎಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕು ಎಂದು ನನ್ನನ್ನು ಕೇಳಿದರೆ, ನಯಾಜ ಹೇಳಿದ್ದನ್ನೇ ಹೇಳುತ್ತೇನೆ. ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂದು ಕೇಳಿದರೆ ಅದು ಬೇರೆ ಮಾತು. ನಾಗಮಂಗಲದ ಬಿಳಿ ಕಾರು ಹೆಚ್ಚುಕಡಿಮೆ ಪ್ರತಿ ಭಾನುವಾರ ನಮ್ಮ ಬೀದಿಗೆ ಬರುತ್ತದೆ, ವ್ಯಾನಿನ ಎಣ್ಣೆ ನೋಡುವುದಕ್ಕೆ. ಬೀಗಿತ್ತಿ ಪರಪರ ಇಳಿದು ಸೀದಾ ಒಳಗೆ ಹೋಗಿ ಗೌರಿಯನ್ನು ಎತ್ತಿಕೊಂಡು ಬರುತ್ತಾರೆ. ಬೀಗರು ಸೀಟೆತ್ತಿ ಕಡ್ಡಿ ಎಳೆದು ಬೆಳಕಿಗೆ ಹಿಡಿಯುತ್ತಾರೆ. ಕಣ್ಣು ಮಾತ್ರ ಜಗಲಿಯ ಮೇಲೆ ಹೆಂಡತಿಯ ಮಡಿಲಲ್ಲಿರುತ್ತದೆ.

"ಎಂಗದೆ ಬೀಗ್ರೇ?" ಎನ್ನುತ್ತಾರೆ ನಮ್ಮವರು.

"ಚೆನ್ನಾಗ್ ಬೆಳೀತಾ ಅದೆ" ಎನ್ನುತ್ತಾರೆ ಅವರು, ಕಡ್ಡಿಯನ್ನು ಒರೆಸುತ್ತಾ.